ಸಹಾಯ ಬೇಕು: ಪೈನ್ ಮರಕ್ಕೆ ಬಂದಳಿಕೆ, ಕಡಿಯಲೋ ಉಳಿಸಲೋ?

ಎಲ್ಲರಿಗೂ ನಮಸ್ಕಾರ. ನಾವಿರೋದು ಕೊಲೊರಾಡೋದ ಬೆಟ್ಟದ ಸೀಮೆಯಲ್ಲಿ. ಮನೆ ಹಿಂದೆ ಎರಡು ಎಕರೆ ಪಾಂಡೆರೋಸಾ ಪೈನ್ ಇದೆ. ಊರಲ್ಲಿ ಮಾವಿಗೆ ಬಂದಳಿಕೆ ಬಂದರೆ ಅಪ್ಪ ಮರ ಹತ್ತಿ ಕೊಂಬೆ ಸಮೇತ ಕಡಿದು ಬಿಸಾಕುತ್ತಿದ್ದರು. ಇಲ್ಲಿಯದು ಕುಳ್ಳ ಜಾತಿ, ಡ್ವಾರ್ಫ್ ಮಿಸಲ್‌ಟೋ ಅಂತಾರೆ. ಎಲೆ ಇಲ್ಲವೆಂದೇ ಹೇಳಬೇಕು, ಬರೀ ಬೆರಳುದ್ದದ ಕಿತ್ತಳೆ ಬಣ್ಣದ ಕಡ್ಡಿಗಳು. ಕೊಂಬೆ ಉಬ್ಬಿ, ತುದಿಯಲ್ಲಿ ಪೊರಕೆ ಕಟ್ಟಿದ ಹಾಗೆ ಗೊಂಚಲು. ಬೀಜ ಹರಡೋಕೆ ಹಕ್ಕಿಗೆ ಕಾಯಲ್ಲ. ಕಾಯಿ ಸಿಡಿದು 10 ಮೀಟರ್ ಆಚೆಗೂ ಹಾರಿ ಸೂಜಿ ಎಲೆಗೆ ಅಂಟಿಕೊಳ್ಳುತ್ತೆ. ಕಳೆದ ಆಗಸ್ಟಲ್ಲಿ ನನ್ನ ಕನ್ನಡಕಕ್ಕೇ ಒಂದು ಅಂಟಿತ್ತು!

ಮರದ ತಲೆಯನ್ನು ಮೂರು ಭಾಗ ಮಾಡಿ, ಒಂದೊಂದಕ್ಕೂ 0, 1 ಅಥವಾ 2 ಅಂಕ ಕೊಟ್ಟು ಕೂಡಿ, ಬಂದಳಿಕೆ ಎಷ್ಟು ಹಬ್ಬಿದೆ ಅಂತ ಅಳೆಯುವ ಹಾಕ್ಸ್‌ವರ್ತ್ ಲೆಕ್ಕ ಹಾಕಿದೆ (ಹೆಚ್ಚು ಅಂಕ ಅಂದರೆ ಹೆಚ್ಚು ಬಂದಳಿಕೆ). ಹನ್ನೊಂದು ಮರಕ್ಕೆ 5-6 ಬಂತು, ಅವು ಹೋಗಲಿ. ತಲೆಬಿಸಿ ಇರೋದು 2-3 ಬಂದಿರೋ ದೊಡ್ಡ ಮರಗಳದ್ದು. ಎಥೆಫಾನ್ ಅನ್ನೋ ರಾಸಾಯನಿಕ ಸಿಂಪಡಿಸಿದರೆ ಕಡ್ಡಿ ಉದುರುತ್ತೆ, ಆದರೆ ತೊಗಟೆಯೊಳಗಿನ ಬೇರು ಸಾಯಲ್ಲ, ಕೆಲ ವರ್ಷಕ್ಕೆ ಮತ್ತೆ ಚಿಗುರುತ್ತೆ. ಮರ ಕಡಿಯೋನೊಬ್ಬ ಬಂದು ಎಲ್ಲಾ ಬೋಳಿಸಿಬಿಡಿ ಅಂದ. ಅವನಿಗೇನು, ಕೂಲಿ ಸಿಗುತ್ತೆ.

ಕೆಳಗಿನ ಕೊಂಬೆ ಮಾತ್ರ ಸವರಿ ಮರ ಉಳಿಸಿಕೊಂಡವರು ಯಾರಾದರೂ ಇದ್ದೀರಾ? ಕಾಂಡದಿಂದ ಎಷ್ಟು ದೂರದ ಗಂಟಾದರೆ ಕತ್ತರಿಸಿ ಪ್ರಯೋಜನ? ಅಡಿಯಲ್ಲಿ ಎದ್ದಿರೋ ಸಸಿಗಳು ಈಗ ಚೆನ್ನಾಗೇ ಕಾಣ್ತಿವೆ, ಆದರೆ ಹತ್ತಿದ್ದು ಹೊರಗೆ ಕಾಣೋಕೆ ಮೂರ್ನಾಲ್ಕು ವರ್ಷ ಬೇಕಂತೆ. ಕಿತ್ತು ಡಗ್ಲಸ್ ಫರ್ ನೆಡಲಾ? ಈ ಜಾತಿ ಅದಕ್ಕೆ ಸಾಮಾನ್ಯವಾಗಿ ಹತ್ತಲ್ಲ. ಮುಂದಿನ ಕಾಯಿ ಸಿಡಿಯೋದರೊಳಗೆ ಏನಾದರೂ ಮಾಡಬೇಕು, ಅನುಭವ ಇದ್ದವರು ದಯವಿಟ್ಟು ಹೇಳಿ.