ಸೋರ್ಸ್ ಕೋಡ್ ಇಲ್ಲದ ಹಳೇ ಪ್ರೋಗ್ರಾಂಗೆ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕು ಅನ್ನುವ ಆದ್ಯತೆ) ಹಾಕುವುದು ಹೇಗೆ?

ಹಾಸನ_ಸಿಸ್ಟಮ್:
ಹಾಸನದ ಒಂದು ಸಣ್ಣ ಕ್ಲಿನಿಕ್‌ನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಡಾಕ್ಟರು ಸಕಲೇಶಪುರದ ಕಡೆಯ ಪೇಷಂಟ್‌ಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತಾರೆ. ಆಗಲೇ ಎಕ್ಸ್‌ರೇ ರೂಮಿನಿಂದ ಅಪ್‌ಲೋಡ್ ಶುರುವಾದರೆ ಮುಗೀತು, ಮಾತು ತುಂಡು ತುಂಡು. ಮೊನ್ನೆ ಒಬ್ಬ ಅಜ್ಜಿ ನೋವು ಎಲ್ಲಿದೆ ಅಂತ ಹೇಳುತ್ತಿದ್ದಾಗಲೇ ದನಿ ನಿಂತುಹೋಯಿತು. ವಿಡಿಯೋ ಪ್ರೋಗ್ರಾಂ ವಿಂಡೋಸ್‌ನಲ್ಲಿದೆ, ಅಪ್‌ಲೋಡ್ ಮಾಡುವುದು ಹಳೇ ಲಿನಕ್ಸ್ ಪ್ರೋಗ್ರಾಂ. ಎರಡರ ಸೋರ್ಸೂ ಇಲ್ಲ. ಅಪ್‌ಲೋಡ್ ವೇಗ 10 ಎಂಬಿಪಿಎಸ್, ರೂಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆ ಹಾಕುವ ಲಿನಕ್ಸ್) ಇದೆ. ಏನು ಮಾಡಬಹುದು?

ಬೇಲೂರು_ರೋಡ್:
ಸುಮ್ನೆ ದೊಡ್ಡ ಪ್ಲಾನ್ ಹಾಕಿಸಿ ಸರ್.

ಮೂಡಿಗೆರೆ_ಲಿನಕ್ಸ್:
ಪ್ಲಾನ್ ದೊಡ್ಡದಾದರೂ ಅಪ್‌ಲೋಡ್ ಇರುವ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಬೇಗ ಮುಗಿಯುತ್ತದೆ, ಅಷ್ಟೇ. ಅಷ್ಟು ಹೊತ್ತು ಮಾತು ಕೆಡುವುದು ಕೆಡುತ್ತದೆ.

ಸೋರ್ಸ್ ಇಲ್ಲ ಅಂತ ಕೈಬಿಡಬೇಡಿ. ಪ್ರತಿ ಐಪಿ ಪ್ಯಾಕೆಟ್‌ನ ತಲೆಯಲ್ಲಿ ಡಿಎಸ್‌ಸಿಪಿ ಅಂತ, ಪ್ಯಾಕೆಟ್‌ನ ದರ್ಜೆ ಗುರುತಿಸುವ 6 ಬಿಟ್ ಇವೆ, 1998ರಿಂದಲೇ ಇರುವ ಪದ್ಧತಿ. ಅದನ್ನು ತುಂಬಲು ಪ್ರೋಗ್ರಾಂ ಸೆಟ್‌ಸಾಕ್‌ಆಪ್ಟ್ ಅನ್ನುವ ಸಿಸ್ಟಮ್ ಫಂಕ್ಷನ್ ಕರೆಯಬೇಕು. ಹಳೆಯದು ಕರೆಯುವುದಿಲ್ಲ, ಅಲ್ವಾ? ಅದರ ಪರವಾಗಿ ನೀವು ಕರೆಯಿರಿ. ಸಿ ಭಾಷೆಯಲ್ಲಿ ಪುಟ್ಟ ಲೈಬ್ರರಿ ಬರೆದು ಎಲ್‌ಡಿ ಪ್ರಿಲೋಡ್‌ನಲ್ಲಿ (ಬೇರೆ ಲೈಬ್ರರಿಗಳಿಗಿಂತ ಮೊದಲು ಲೋಡ್ ಮಾಡಿಸುವ ಲಿನಕ್ಸ್ ಸೆಟ್ಟಿಂಗ್) ಕೊಡಿ. ಪ್ರೋಗ್ರಾಂ ಕನೆಕ್ಟ್ ಅಂದಾಗ ಮೊದಲು ನಿಮ್ಮ ಕೋಡ್ ಓಡಿ, ಟಾಸ್‌ಗೆ (ಡಿಎಸ್‌ಸಿಪಿ ಇರುವ 8 ಬಿಟ್‌ನ ಜಾಗ) 32 ಹಾಕಿ, ಆಮೇಲೆ ನಿಜವಾದ ಕನೆಕ್ಟ್‌ಗೆ ಬಿಡಬೇಕು. ಡಿಎಸ್‌ಸಿಪಿ 8 ಅನ್ನು ಎರಡು ಬಿಟ್ ಎಡಕ್ಕೆ ಸರಿಸಿದರೆ 32. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದ (ಲೈಬ್ರರಿಗಳನ್ನೆಲ್ಲ ಒಳಗೇ ಸೇರಿಸಿಕೊಂಡ) ಪ್ರೋಗ್ರಾಂ ಆದರೆ ಇದು ನಡೆಯುವುದಿಲ್ಲ. ಆಗ ಅದೇ ಯಂತ್ರದಲ್ಲಿ ಪೋರ್ಟ್ ನೋಡಿ ಐಪಿಟೇಬಲ್ಸ್‌ನಿಂದ (ಲಿನಕ್ಸ್‌ನಲ್ಲಿ ಪ್ಯಾಕೆಟ್‌ಗಳನ್ನು ತಿದ್ದುವ ಸಾಧನ) ಡಿಎಸ್‌ಸಿಪಿ 8 ಹಾಕಿ.

8 ಅಂದರೆ ನಿಧಾನಕ್ಕೆ ಹೋದರೂ ಸರಿ ಅನ್ನುವ ದರ್ಜೆ. ವಿಡಿಯೋವನ್ನು ಮೇಲೆತ್ತುವುದಕ್ಕಿಂತ ಅಪ್‌ಲೋಡನ್ನು ಕೆಳಗಿಳಿಸುವುದೇ ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ವಿಂಡೋಸ್‌ನಲ್ಲಿ ಗ್ರೂಪ್ ಪಾಲಿಸಿಯಿಂದ ಪ್ರೋಗ್ರಾಂ ಹೆಸರಿಗೇ ಡಿಎಸ್‌ಸಿಪಿ 46, ಅಂದರೆ ಮಾತಿಗೆ ಬಳಸುವ ಮೇಲಿನ ದರ್ಜೆ, ಕೊಡಬಹುದು, ನಿಜ. ಆದರೆ ಡೊಮೇನ್‌ಗೆ (ಸಂಸ್ಥೆಯ ಕೇಂದ್ರ ವಿಂಡೋಸ್ ಸರ್ವರ್‌ಗೆ) ಸೇರದ ಯಂತ್ರದಲ್ಲಿ ರಿಜಿಸ್ಟ್ರಿಯನ್ನೂ ತಿದ್ದಬೇಕು. ಸಾಲದ್ದಕ್ಕೆ ಎಷ್ಟೋ ವೈಫೈ ಡ್ರೈವರ್‌ಗಳು ಮೊದಲ 3 ಬಿಟ್ ಮಾತ್ರ ನೋಡಿ 46 ಅನ್ನು ವಾಯ್ಸ್ ಬದಲು ವಿಡಿಯೋ ಸಾಲಿಗೆ ತಳ್ಳುತ್ತವೆ.

ಬರೀ ಗುರುತು ಹಾಕಿದರೆ ಸಾಲದು. ಹೊರಗಿನ ನೆಟ್‌ವರ್ಕ್ ಅದನ್ನು ಸಾಮಾನ್ಯವಾಗಿ ಅಳಿಸುತ್ತದೆ, ಇಲ್ಲವೇ ನೋಡುವುದೇ ಇಲ್ಲ. ಪ್ಯಾಕೆಟ್‌ಗಳ ಸಾಲು ನಿಮ್ಮ ರೂಟರ್‌ನಲ್ಲೇ ನಿಲ್ಲುವಂತಾಗಬೇಕು. ಎಸ್‌ಕ್ಯೂಎಂನಲ್ಲಿ (ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸಾಲು ನಿಭಾಯಿಸುವ ಪ್ಯಾಕೇಜ್) ಕೇಕ್ ಅನ್ನುವ ವಿಧಾನ ಹಾಕಿ, ಸ್ಕ್ರಿಪ್ಟ್ ಲೇಯರ್ ಕೇಕ್ ಆರಿಸಿ. ಪೀಸ್ ಆಫ್ ಕೇಕ್ ಆರಿಸಿದರೆ ಅದು ಗುರುತನ್ನೇ ನೋಡುವುದಿಲ್ಲ. ಅಪ್‌ಲೋಡ್ ಮಿತಿಯನ್ನು ಲೈನ್‌ನ 10 ಎಂಬಿಪಿಎಸ್‌ಗಿಂತ ಕಡಿಮೆ, 9000 ಕೆಬಿಪಿಎಸ್ ಇಡಿ.

ಹಾಸನ_ಸಿಸ್ಟಮ್:
ತುಂಬಾ ಥ್ಯಾಂಕ್ಸ್ ಸರ್. ನಮ್ಮ ಲೈನ್ ಮಹಡಿ ಮೇಲಿನ ರೇಡಿಯೋ ಡಿಶ್‌ನಿಂದ ಬರುತ್ತದೆ. ಜೋರು ಮಳೆಗೆ 6 ಎಂಬಿಪಿಎಸ್‌ಗೆ ಇಳಿಯುತ್ತದೆ. ಆಗಲೂ 9000 ಇರಲಾ?

ಮೂಡಿಗೆರೆ_ಲಿನಕ್ಸ್:
ಬೇಡ. ಲೈನ್ ನೀವು ಇಟ್ಟದ್ದಕ್ಕಿಂತ ಕೆಳಗಿಳಿದರೆ ಸಾಲು ರೂಟರ್ ಬಿಟ್ಟು ಡಿಶ್‌ಗೆ ಹೋಗುತ್ತದೆ, ಅಲ್ಲಿ ಗುರುತು ಕೇಳುವವರಿಲ್ಲ. ಮಳೆಗಾಲ ಮುಗಿಯುವವರೆಗೆ 5500 ಇಡಿ. ಎಕ್ಸ್‌ರೇ ಸ್ವಲ್ಪ ತಡವಾಗಿ ಹೋಗಲಿ ಬಿಡಿ. ಆಮೇಲೆ ಅಪ್‌ಲೋಡ್ ಶುರು ಮಾಡಿ ರೂಟರ್‌ನಲ್ಲಿ ಕೇಕ್‌ನ ಲೆಕ್ಕ ನೋಡಿ. ಬಲ್ಕ್ (ಕೆಳದರ್ಜೆ) ಕಾಲಮ್‌ನಲ್ಲಿ ಪ್ಯಾಕೆಟ್ ಏರುತ್ತಿರಬೇಕು. ಏರದಿದ್ದರೆ ಆ ಲೈಬ್ರರಿ ಕೋಡ್ ಇಲ್ಲಿ ಹಾಕಿ, ನೋಡೋಣ.