‘ಯು’ ಬೇಡದ ‘ಕ್ಯೂ’: ಇಂಗ್ಲಿಷ್ ಪದಗಳು ಮತ್ತು ಅವುಗಳ ಅರ್ಥ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳು ಶನಿವಾರದ ಕೊನೆಯ ಅವಧಿಯಲ್ಲಿ, ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಕಟ್ಟಿ ಅಂಕ ಗಳಿಸುವ ಸ್ಕ್ರ್ಯಾಬಲ್ ಆಡುತ್ತಾರೆ. ಆ ಆಟದ 100 ಬಿಲ್ಲೆಗಳಲ್ಲಿ ‘ಕ್ಯೂ’ ಇರುವುದು ಒಂದೇ, ‘ಯು’ ಇರುವುದು ನಾಲ್ಕು ಮಾತ್ರ. ಹೀಗಾಗಿ ‘ಕ್ಯೂ’ ಕೈಗೆ ಬಂದ ಮಗು, ಜೊತೆಗೆ ‘ಯು’ ಸಿಗದೆ, ಆಟ ಮುಗಿಯುವವರೆಗೂ ಅದನ್ನು ಇಟ್ಟುಕೊಂಡೇ ಕುಳಿತಿರುತ್ತದೆ. ‘ಕ್ಯೂ’ ಬಂದರೆ ಹಿಂದೆಯೇ ‘ಯು’ ಬರಬೇಕೆಂದು ತರಗತಿಯಲ್ಲಿ ಕಲಿಸುವವರು ನಾವೇ ಆದ್ದರಿಂದ, ಅದಕ್ಕೆ ಹೊರತಾದ ಪದಗಳನ್ನೂ ನಾವೇ ಕಲಿಸಬೇಕಲ್ಲವೇ? ಬರಿಯ ಪಟ್ಟಿಯನ್ನು ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ. ಪದದ ಅರ್ಥವನ್ನೂ ಅದು ಬಂದ ದಾರಿಯನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮೇಡಂ, ಮೊದಲು ಈ ನಿಯಮ ಹುಟ್ಟಿದ ಬಗೆಯನ್ನು ಮಕ್ಕಳಿಗೆ ಹೇಳಿದರೆ ಉಳಿದದ್ದು ಸುಲಭವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಕ್ವೀನ್’ ಪದವನ್ನು ‘ಸಿ’ ಮತ್ತು ‘ಡಬ್ಲ್ಯೂ’ ಸೇರಿಸಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಲ್ಯಾಟಿನ್ ಮತ್ತು ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ್ದ ಲಿಪಿಕಾರರು ಅದೇ ಧ್ವನಿಗೆ ‘ಕ್ಯೂ-ಯು’ ಜೋಡಿಯನ್ನು ಬಳಕೆಗೆ ತಂದರು. ಅಂದರೆ ಈ ನಿಯಮ ಲ್ಯಾಟಿನ್ ಪರಂಪರೆಗೆ ಸೇರಿದ್ದು. ಆ ಪರಂಪರೆಯ ಹೊರಗಿನಿಂದ ಬಂದ ಪದಗಳಿಗೆ ಅದು ಅನ್ವಯಿಸುವುದಿಲ್ಲ.

ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ‘ಕಾಫ್’ ಎಂಬ ಅಕ್ಷರವಿದೆ. ಸಾಮಾನ್ಯ ‘ಕ’ಕಾರದಿಂದ ಅದನ್ನು ಬೇರೆಯಾಗಿ ತೋರಿಸಲು ರೋಮನ್ ಲಿಪಿಯಲ್ಲಿ ‘ಕ್ಯೂ’ ಬಳಸುತ್ತಾರೆ. ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ: ಈ ಗುಂಪಿನ ಅನೇಕ ಪದಗಳು ಕನ್ನಡದಲ್ಲಿ ಮೊದಲೇ ನೆಲೆಸಿವೆ. ಮೂಲದಲ್ಲಿ ‘ಬಡವ’ ಎಂಬ ಅರ್ಥವುಳ್ಳ ಫಕೀರ, ನ್ಯಾಯ ಹೇಳುವ ಖಾಜಿ, ಸೂಫಿ ಭಕ್ತಿಗಾಯನವಾದ ಕವ್ವಾಲಿ, ಇಡೀ ದೇಹವನ್ನು ಮುಚ್ಚುವ ಬುರ್ಖಾ, ವಿಚ್ಛೇದನವೆಂಬ ಅರ್ಥದ ತಲಾಖ್, ಇವೆಲ್ಲವನ್ನೂ ಇಂಗ್ಲಿಷಿನಲ್ಲಿ ‘ಯು’ ಬೆನ್ನಿಗಿಲ್ಲದ ‘ಕ್ಯೂ’ ಬಳಸಿ ಬರೆಯಬಹುದು. ಬುರ್ಖಾದಲ್ಲಿ ‘ಯು’ ಇದ್ದರೂ ಅದು ‘ಬಿ’ಯ ನಂತರ ಬರುತ್ತದೆ ಎಂಬುದನ್ನು ಗಮನಿಸಿ. ಕಣ್ಣುಗಳನ್ನು ಬಿಟ್ಟು ಮುಖವನ್ನಷ್ಟೇ ಮರೆಮಾಡುವ ನಿಖಾಬ್ ಬೇರೆ ಪದ, ಬೇರೆ ಉಡುಪು.

ಉತ್ತರ 2:
ಹಿಂದಿನ ಉತ್ತರ ಬಹಳ ಚೆನ್ನಾಗಿದೆ. ಆಟದ ದೃಷ್ಟಿಯಿಂದ ಚಿಕ್ಕ ಪದಗಳನ್ನು ಸೇರಿಸುತ್ತೇನೆ. ಎಲ್ಲಕ್ಕಿಂತ ಮುಖ್ಯವಾದದ್ದು ‘ಕ್ಯೂ-ಐ’. ಚೀನೀ ಚಿಂತನೆಯಲ್ಲಿ ದೇಹದೊಳಗೆ ಹರಿಯುವ ಜೀವಶಕ್ತಿಗೆ ಈ ಹೆಸರು, ಉಚ್ಚಾರ ‘ಚೀ’. 1958ರಲ್ಲಿ ಚೀನಾ ಅಂಗೀಕರಿಸಿದ ಪಿನ್ಯಿನ್ ಎಂಬ ರೋಮನ್ ಬರಹಪದ್ಧತಿಯಲ್ಲಿ ‘ಚ’ಕಾರವನ್ನು ಹೋಲುವ ಒಂದು ಧ್ವನಿಗೆ ‘ಕ್ಯೂ’ ನಿಗದಿಯಾಗಿದೆ, ಆದ್ದರಿಂದ ಮಕ್ಕಳು ಇದನ್ನು ‘ಕಿ’ ಎಂದು ಓದಿದರೆ ತಿದ್ದಬೇಕು. ‘ಕ್ಯೂ-ಎ-ಟಿ’ ಎಂದರೆ ಯೆಮೆನ್, ಇಥಿಯೋಪಿಯಾ, ಸೊಮಾಲಿಯಾಗಳಲ್ಲಿ ಉತ್ತೇಜನಕ್ಕಾಗಿ ಜಗಿಯುವ ಎಲೆ. ‘ಎಸ್-ಯು-ಕ್ಯೂ’ ಅರಬ್ ನಾಡುಗಳ ಸಂತೆಬೀದಿ. ಹೀಬ್ರೂ ವರ್ಣಮಾಲೆಯ ಒಂದು ಅಕ್ಷರದ ಹೆಸರು ‘ಕ್ಯೂ-ಓ-ಪಿ-ಎಚ್’. ರೋಮನ್ ‘ಕ್ಯೂ’ ಮತ್ತು ಈ ಅಕ್ಷರ ಎರಡೂ ಒಂದೇ ಪ್ರಾಚೀನ ಸೆಮಿಟಿಕ್ ಅಕ್ಷರದಿಂದ ಬೆಳೆದು ಬಂದವು.

ಕೀಲಿಮಣೆಯ ಮೇಲಿನ ಸಾಲಿನ ಮೊದಲ ಆರು ಅಕ್ಷರಗಳಿಂದಾದ ‘ಕ್ವರ್ಟಿ’ಗೆ 21 ಅಂಕ ದೊರೆಯುತ್ತದೆ. ಮಕ್ಕಳಿಗೆ ಇನ್ನೊಂದನ್ನೂ ತಿಳಿಸಿ: ಆಟದ ಕೊನೆಗೆ ‘ಕ್ಯೂ’ ಕೈಯಲ್ಲೇ ಉಳಿದರೆ 10 ಅಂಕ ಕಳೆಯುವುದಷ್ಟೇ ಅಲ್ಲ, ಬಿಲ್ಲೆಗಳನ್ನೆಲ್ಲ ಮುಗಿಸಿದ ಎದುರಾಳಿಗೆ ಆ 10 ಸೇರುತ್ತದೆ. ಇಬ್ಬರ ಆಟದಲ್ಲಿ ಅದು 20 ಅಂಕಗಳ ಅಂತರ.

ಉತ್ತರ 3:
ನನ್ನ ಊರು ಬೀದರ್ ಆದ್ದರಿಂದ, ನಾನು ‘ಖನಾತ್’ ಪದವನ್ನು ಸೇರಿಸದೆ ಇರಲಾರೆ. ಎತ್ತರದ ನೆಲದ ಅಂತರ್ಜಲವನ್ನು, ಅಲ್ಪ ಇಳಿಜಾರಿನ ಸುರಂಗದಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ, ದೂರದ ಊರಿಗೆ ಹರಿಸುವ ವ್ಯವಸ್ಥೆಗೆ ಈ ಹೆಸರು. ಸುರಂಗದುದ್ದಕ್ಕೂ ಅಲ್ಲಲ್ಲಿ ಬಾವಿಯಂತಹ ಕಂಡಿಗಳಿರುತ್ತವೆ. ಅಗೆಯುವವರಿಗೆ ಗಾಳಿ ಬೆಳಕು ಒದಗಿಸಲು ಮತ್ತು ಹೂಳೆತ್ತಲು ಅವು ಬೇಕು. ಇರಾನಿನ 11 ಖನಾತ್‌ಗಳನ್ನು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೇ ಬಗೆಯ ಸುರಂಗವನ್ನು ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ನೌಬಾದ್‌ನಲ್ಲಿ ಕೊರೆಯಲಾಯಿತು. ನಾವು ಅದನ್ನು ಕರೇಜ್ ಅಥವಾ ಸುರಂಗ ಬಾವಿ ಎನ್ನುತ್ತೇವೆ. ಸಾಧ್ಯವಿದ್ದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆ ಕಂಡಿಯ ಅಂಚಿನಲ್ಲಿ ನಿಲ್ಲಿಸಿ ಈ ಪದವನ್ನು ಹೇಳಿಕೊಡಿ ಎಂದು ನನ್ನ ವಿನಂತಿ.

ಪ್ರಶ್ನೆ ಕೇಳಿದವರು:
ಮೂವರಿಗೂ ಹೃತ್ಪೂರ್ವಕ ವಂದನೆಗಳು. ಒಂದು ಸಂದೇಹ ಉಳಿದಿದೆ. ಕತಾರ್, ಇರಾಕ್ ಎಂಬ ಪದಗಳನ್ನು ಮಕ್ಕಳು ಇಟ್ಟರೆ ಒಪ್ಪಬಹುದೇ? ಖಾಜಿಯನ್ನು ‘ಕೆ’ ಬಳಸಿಯೂ ಬರೆದದ್ದನ್ನು ನೋಡಿದ್ದೇನೆ, ಯಾವುದು ಸರಿ?

ಉತ್ತರ 1:
ದೇಶಗಳ ಹೆಸರು ಅಂಕಿತನಾಮವಾದ್ದರಿಂದ ಆಟದಲ್ಲಿ ಸಲ್ಲುವುದಿಲ್ಲ. ಖಾಜಿಯ ವಿಷಯದಲ್ಲಿ ಒಂದೇ ಸರಿ ಎನ್ನುವಂತಿಲ್ಲ. ಲಿಪ್ಯಂತರ ಮಾಡಿದವರ ಕಾಲ ಮತ್ತು ರೂಢಿಗೆ ತಕ್ಕಂತೆ ‘ಸಿ’, ‘ಕೆ’, ‘ಕ್ಯೂ’ ಮೂರೂ ಬಳಕೆಗೆ ಬಂದಿವೆ, ಮತ್ತು ನಿಘಂಟುಗಳು ಅವುಗಳನ್ನು ದಾಖಲಿಸಿವೆ. ಆದರೆ ಈ ಆಟಕ್ಕೆ ಬಳಸುವ ಕಾಲಿನ್ಸ್ ಪದಪಟ್ಟಿಗೂ ಉತ್ತರ ಅಮೆರಿಕದ ಪಟ್ಟಿಗೂ ವ್ಯತ್ಯಾಸಗಳಿವೆ. ಆದ್ದರಿಂದ ಆಟ ಆರಂಭಿಸುವ ಮುನ್ನವೇ ಒಂದು ನಿಘಂಟನ್ನು ಮೇಜಿನ ಮೇಲಿಟ್ಟು, ಅದರಲ್ಲಿರುವುದೇ ಅಂತಿಮವೆಂದು ಮಕ್ಕಳಿಗೆ ತಿಳಿಸಿಬಿಡಿ.