ಉಪ್ಪಿನಕಾಯಿ ವಾಸನೆ ಬಿಡದ ಬಾಟಲಿ, ನಿಲ್ಲದ ಜರಿ ಅಂಚು: ಥ್ಯಾಂಕ್ಸ್ ಡಬ್ಬಿ ಮಾಡಿದವರು ಯಾರಾದರೂ ಇದ್ದೀರಾ?

ಹನುಮಂತನಗರದವಳು:
ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು. ಸ್ಕೂಲಿನಲ್ಲಿ ಗ್ರಾಟಿಟ್ಯೂಡ್ ಜಾರ್ ಮಾಡಿ ಅಂದಿದ್ದಾರೆ. ದಿನಾ ನಡೆದ ಒಂದು ಒಳ್ಳೇ ಸಂಗತಿ ಚೀಟಿಯಲ್ಲಿ ಬರೆದು ಹಾಕಬೇಕಂತೆ. ಹೊಸದೇನೂ ಕೊಳ್ಳೋ ಹಾಗಿಲ್ಲ, ಮನೆಯಲ್ಲಿ ಇರೋದರಲ್ಲೇ ಆಗಬೇಕು. ನಮ್ಮತ್ತೆ "ಅದೇನೇ ಅದು?" ಅಂದರು. "ಕೃತಜ್ಞತೆಯ ಜಾಡಿ" ಅಂದೆ. "ಭಾಷಣ ಇದ್ದಂಗಿದೆ" ಅಂತ ಎದ್ದು ಹೋದರು. ಈಗ ಮನೆಯಲ್ಲಿ ಅದರ ಹೆಸರು ಥ್ಯಾಂಕ್ಸ್ ಡಬ್ಬಿ.

ಬಾಟಲಿ ಹಳೇ ಹಾರ್ಲಿಕ್ಸ್‌ದು, ಗಾಜಿನದು. ಒಣಕಸಕ್ಕೆ ಹಾಕಲು ಮನಸ್ಸು ಬಾರದೆ ಇಷ್ಟು ವರ್ಷ ಅದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇಡ್ತಿದ್ದೆ. ಸೋಪಿನಲ್ಲಿ ಮೂರು ಸಲ ತೊಳೆದಿದ್ದೀನಿ. ಆದರೂ ಮುಚ್ಚಳ ತೆಗೆದರೆ ಇಂಗು, ಸಾಸಿವೆ ಘಮ್ ಅನ್ನುತ್ತೆ. ಚೀಟಿ ತೆಗೆದು ಓದುವಾಗ ಊಟ ನೆನಪಾದರೆ ಕಷ್ಟ.

ಎರಡನೇ ತಲೆನೋವು ಅಲಂಕಾರ. ಹರಿದ ರೇಷ್ಮೆ ಸೀರೆಯ ಜರಿ ಅಂಚು ಕತ್ತರಿಸಿ, ಫೆವಿಕಾಲ್ ಬಳಿದು, ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಲಾಡಿ ಬಿಚ್ಚಿದ ಲಂಗದ ಹಾಗೆ ಕೆಳಗೆ ಜಾರಿ ಕೂತಿದೆ. ಒಳಗೆ ಗೋಂದು ಇನ್ನೂ ಬೆಳ್ಳಗೆ, ಹಸಿ ಹಸಿ.

ಚೀಟಿಗೆ ಮಾತ್ರ ಒಳ್ಳೇ ಉಪಾಯ ಸಿಕ್ಕಿದೆ. ಅತ್ತೆ ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಹಾಳೆ ಹರೀತಾರಲ್ಲ, ಅದೇ. ತಾರೀಖು, ತಿಥಿ, ರಾಹುಕಾಲ ಎಲ್ಲಾ ಮೊದಲೇ ಅಚ್ಚಾಗಿದೆ, ಹಿಂದೆ ಖಾಲಿ. ಮೊದಲನೇ ಹಾಳೆಯಲ್ಲಿ ಮಗಳು ಬರೆದಿದ್ದು: "ಬಸ್ಸಿನಲ್ಲಿ ಕಿಟಕಿ ಸೀಟು. ಮಳೆ ಬಂದರೂ ಯಾರೂ ಮುಚ್ಚು ಅನ್ನಲಿಲ್ಲ."

ಇನ್ನೊಂದು ಮಾತು. ಅತ್ತೆಗೆ ಕಣ್ಣು ಮಂಜು, ಬರೆಯಕ್ಕಾಗಲ್ಲ. ನಾನು ಬರೆದುಕೊಡ್ತೀನಿ ಅಂದರೆ "ನಿನಗ್ಯಾಕೆ ಹೇಳಲಿ" ಅಂತಾರೆ. ಅವರನ್ನ ಬಿಟ್ಟು ಮಾಡೋಕೆ ಮಗಳು ಒಪ್ತಿಲ್ಲ. ಏನು ಮಾಡಲಿ?

ಸೂಜಿದಾರ:
ಅಕ್ಕಾ, ಇಪ್ಪತ್ತು ವರ್ಷದಿಂದ ಚಾಮರಾಜಪೇಟೆಯಲ್ಲಿ ಬಟ್ಟೆ ಹೊಲೀತಿದ್ದೀನಿ. ಗಾಜಿಗೆ ಬಟ್ಟೆ ಅಂಟಿಸೋ ಗೋಜಿಗೇ ಹೋಗಬೇಡಿ. ಫೆವಿಕಾಲ್ ಒಣಗಬೇಕು ಅಂದರೆ ಅದರಲ್ಲಿರೋ ನೀರು ಎಲ್ಲಿಗಾದರೂ ಹೋಗಬೇಕು. ಮರ, ರಟ್ಟು ಆದರೆ ಹೀರಿಕೊಳ್ಳುತ್ತೆ. ಗಾಜು ಹೀರಲ್ಲ. ನಿಮ್ಮ ಅಂಚಿನಲ್ಲಿ ಜರಿ ಬೇರೆ ಒತ್ತಾಗಿರುತ್ತೆ, ಆ ಕಡೆಯಿಂದಲೂ ಸರಿಯಾಗಿ ಗಾಳಿ ಆಡಲ್ಲ. ಅದಕ್ಕೇ ಬೆಳ್ಳಗೆ ಉಳಿದಿರೋದು. ಗಾಜಿನ ಮೇಲೆ ಉಪ್ಪಿನಕಾಯಿ ಎಣ್ಣೆ ಪಸೆ ಇದ್ದರಂತೂ ಮುಗೀತು.

ಬಾಟಲಿಗೆ ಒಂದು ಗವಸು ಹೊಲೀರಿ. ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸ್ ಮನೆಯಲ್ಲಿ ಇದ್ದೇ ಇರುತ್ತೆ (ಮನೆ ಮನೆ ಸುತ್ತಿ ಕೊಟ್ಟವರಿಗೇ ವಾಪಸ್ ಬರೋ ಪೀಸುಗಳು, ಒಂದಕ್ಕಾದರೂ ಮುಕ್ತಿ ಸಿಗಲಿ). ಸುತ್ತಳತೆಗೆ ಅರ್ಧ ಇಂಚು ಜಾಸ್ತಿ ಬಿಟ್ಟು ಕತ್ತರಿಸಿ. ಅದು ಹೊಲಿಗೆಗೆ ಹೋಗುತ್ತೆ, ಗವಸು ಬಿಗಿಯಾಗಿ ಕೂರುತ್ತೆ. ಜರಿ ಅಂಚನ್ನ ಮೊದಲು ಬಟ್ಟೆಗೆ ಹೊಲಿದು, ಆಮೇಲೆ ಬಟ್ಟೆಯ ಎರಡು ಬದಿ ಸೇರಿಸಿ. ಕೊಳೆಯಾದರೆ ಬಿಚ್ಚಿ ಒಗೀಬಹುದು.

ಗಾಂಧಿಬಜಾರ್ ಗಿರಾಕಿ:
ಇಷ್ಟೆಲ್ಲ ಯಾಕೆ ಮೇಡಂ? ಮಾಮೂಲುಪೇಟೆಗೆ ಹೋಗಿ, ಎಂಥೆಂಥಾ ಲೇಸು ಸಿಗುತ್ತೆ.

ಹನುಮಂತನಗರದವಳು:
ಕೊಳ್ಳೋ ಹಾಗಿಲ್ಲ ಅಂತ ಬರೆದಿದ್ದೀನಲ್ಲ ಸ್ವಾಮಿ.

ಒಗ್ಗರಣೆ ಅಜ್ಜಿ:
ವಾಸನೆ ಗಾಜಿನಲ್ಲಿ ಇಲ್ಲಮ್ಮ, ಮುಚ್ಚಳದಲ್ಲಿದೆ. ಒಳಗೆ ಬಿಲ್ಲೆ ಥರ ರಟ್ಟು ಇದೆಯಾ ನೋಡು. ಎಣ್ಣೆ ಕುಡಿದು ಕೂತಿರುತ್ತೆ. ಚಾಕುವಿನ ತುದಿಯಲ್ಲಿ ಎಬ್ಬಿಸಿ ಬಿಸಾಡು. ಮದುವೆ ಕಾರ್ಡಿನ ದಪ್ಪ ಕಾಗದ ಅದೇ ಅಳತೆಗೆ ಕತ್ತರಿಸಿ ಕೂರಿಸು. ಬಾಟಲಿಗೆ ಸೀಗೆಪುಡಿ ಹಾಕಿ ಉಜ್ಜು, ಜಿಡ್ಡು ಹೋಗುತ್ತೆ. ಆಮೇಲೆ ಎರಡು ಚಮಚ ಅಡುಗೆ ಸೋಡ ಹಾಕಿ ಒಂದು ರಾತ್ರಿ ಮುಚ್ಚಿಡು. ಈ ಮಳೆಯಲ್ಲಿ ಬಿಸಿಲು ಕಾಯ್ತಾ ಕೂರಬೇಡ. ಪೂರ್ತಿ ಒಣಗೋ ತನಕ ಚೀಟಿ ಮಾತ್ರ ಹಾಕಬೇಡ, ಬೂಷ್ಟು ಬರುತ್ತೆ.

ನಿಮ್ಮತ್ತೆಗೆ ಹುಣಸೆಬೀಜ ಕೊಡು. ಒಂದು ಸಂಗತಿಗೆ ಒಂದು ಬೀಜ. ಯಾರಿಗೂ ಹೇಳೋದೇ ಬೇಡ.

ಮೇಷ್ಟ್ರು:
ಚೆನ್ನಾಗಿದೆ. ಒಂದು ಸೇರಿಸ್ತೀನಿ. ದಿನಾ ಬರೀಲೇಬೇಕು ಅಂತ ಮಗುವಿಗೆ ಒತ್ತಾಯ ಮಾಡಬೇಡಿ, ಹೋಂವರ್ಕ್ ಆಗಿಬಿಡುತ್ತೆ. ಅಮೆರಿಕದ ಎಮನ್ಸ್ ಮತ್ತು ಮೆಕಲ್ಲೋ ಅನ್ನೋ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನವರು ಬರೆದಿದ್ದು ವಾರಕ್ಕೆ ಒಂದೇ ಸಲ, ಐದು ಸಂಗತಿ ತನಕ. ಕಿರಿಕಿರಿಗಳನ್ನ ಬರೆದವರಿಗಿಂತ ಅವರಿಗೆ ತಮ್ಮ ಬದುಕು ಚೆನ್ನಾಗಿದೆ ಅನ್ನಿಸಿತ್ತು. ಭಾನುವಾರ ಸಂಜೆ ಒಂದು ಹೊತ್ತು ಸಾಕು. ಯುಗಾದಿಗೆ ತೆಗೆದು ಓದಿ.

ಹನುಮಂತನಗರದವಳು:
ಹದಿನೈದು ದಿನ ಆಯ್ತು, ಹೇಳೋಣ ಅಂತ ಬಂದೆ. ಅಜ್ಜಿ, ನೀವು ಹೇಳಿದ್ದೇ ಸರಿ, ರಟ್ಟಿನ ಬಿಲ್ಲೆ ಕಪ್ಪಗಾಗಿತ್ತು. ಈಗ ವಾಸನೆ ಇಲ್ಲ. ಮೂಗು ಒಳಗಿಟ್ಟರೆ ಸ್ವಲ್ಪ ಇದೆ, ಆದರೆ ಯಾರು ಇಡ್ತಾರೆ? ಗವಸನ್ನ ಹಸಿರು ಬ್ಲೌಸ್ ಪೀಸಿನಲ್ಲಿ ಕೈಯಲ್ಲೇ ಹೊಲಿದೆ. ಹೊಲಿಗೆ ಸೊಟ್ಟ ಇದೆ, ಆ ಕಡೆ ಗೋಡೆಗೆ ತಿರುಗಿಸಿ ಇಟ್ಟಿದ್ದೀವಿ.

ಮೇಷ್ಟ್ರೇ, ಭಾನುವಾರದ ಲೆಕ್ಕ ಮಗಳಿಗೆ ಒಪ್ಪಿಗೆ. ನಮ್ಮೆಜಮಾನರು ಮೊದಲನೇ ವಾರ "ಎಲ್ಲಾ ಚೆನ್ನಾಗಿದೆ" ಅಂತ ಬರೆದು ಹಾಕಿದ್ದರು. ಮಗಳು ವಾಪಸ್ ತೆಗೆದುಕೊಟ್ಟು "ಏನು ಚೆನ್ನಾಗಿದೆ ಅಂತ ಬರೀಬೇಕು ಅಪ್ಪಾ" ಅಂದಳು.

ಅತ್ತೆಗೆ ಭಾನುವಾರ ಗೀನುವಾರ ಇಲ್ಲ. ನಡೆದಾಡುವಾಗ ಟಣ್ ಅಂತ ಒಂದು ಬೀಜ ಬೀಳುತ್ತೆ, ಅಷ್ಟೇ. ಏನು ಅಂತ ಕೇಳಿದರೆ ನಗ್ತಾರೆ. ನಿನ್ನೆ ಒಂದೇ ಸಲ ನಾಲ್ಕು ಬಿತ್ತು. ಮಗಳು ಬಗ್ಗಿ ನೋಡಿದರೆ ನಾಲ್ಕೂ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು. ನಮ್ಮ ಚೌಕಾಬಾರದವು. ಈಗ ಆಡಬೇಕು ಅಂದರೆ ಡಬ್ಬಿಗೆ ಕೈ ಹಾಕಬೇಕು, ಯುಗಾದಿ ತನಕ ಮುಟ್ಟೋ ಹಾಗಿಲ್ಲ ಅಂತ ಅವರದೇ ಆರ್ಡರು.